ಅಕ್ಕನಿಗೆ, ರೇಡಿಯೊ ಕೋಣೆಯಿಂದ

ಮೈಸೂರು

ಪ್ರೀತಿಯ ಅಕ್ಕ,

ಭಾವನ ಆಫೀಸಿನವರು ನಮ್ಮ ಶಾಸ್ತ್ರೀಯ ಸಂಗೀತದ ಇಂಟರ್ನೆಟ್ ರೇಡಿಯೊಗೆ ದುಡ್ಡು ಕೊಡಲು ಮುಂದೆ ಬಂದಿದ್ದಾರೆ, ಗಂಟೆಗೆ ಎರಡು ಸಲ ಕಂಪನಿಯ ಹೆಸರು ಹೇಳಿದರೆ ಸಾಕು ಅಂತ ನೀನು ಬರೆದದ್ದನ್ನು ಓದಿ ಮೊದಲು ಸಂತೋಷವೇ ಆಯಿತು. ನ್ಯೂಜೆರ್ಸಿಯಲ್ಲಿ ಕೂತು ಇಲ್ಲಿಯ ಚಿಂತೆ ಮಾಡುತ್ತೀಯಲ್ಲ! ಆದರೂ ಬೇಡ ಅಕ್ಕ. ಒಂದೇ ಮಾತಲ್ಲಿ ಬೇಡ ಅಂದರೆ ನಿನಗೆ ನೋವಾಗುತ್ತದೆ, ಅದಕ್ಕೇ ಕಾರಣವನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಗಂಟೆಗೆ ಎರಡು ಸಲ ಎಲ್ಲಿ ಹೇಳಲಿ, ನೀನೇ ಯೋಚಿಸು. ಬೆಳಗ್ಗೆ ಒಂದು ತೋಡಿ ಶುರುವಾಯಿತು ಅಂತಿಟ್ಟುಕೋ. ಆಲಾಪನೆ, ಆಮೇಲೆ ಪಿಟೀಲಿನವರ ಸರದಿ, ಕೃತಿ, ನೆರವಲು, ಸ್ವರ, ತನಿ ಆವರ್ತನ. ಮುಗಿಯುವಾಗ ಐವತ್ತು ನಿಮಿಷ ಕಳೆದಿರುತ್ತದೆ. ಸಂಜೆಯ ಹಿಂದೂಸ್ತಾನಿ ಹೊತ್ತಿನಲ್ಲಿ ವಿಲಂಬಿತ ಏಕತಾಳದ ಒಂದು ಆವರ್ತನ ಸುತ್ತಿಕೊಂಡು ಸಮ್ಮಿಗೆ ಬರಲಿಕ್ಕೇ ಒಂದು ನಿಮಿಷದ ಹತ್ತಿರ ಬೇಕು. ಕೇಳುವವರ ಮನಸ್ಸು ಅಷ್ಟು ಹೊತ್ತು ಆ ಸಮ್ಮಿಗಾಗಿ ಕಾದು ನಿಂತಿರುತ್ತದೆ. ಅಲ್ಲಿ ನಡುವೆ ಬಾಯಿ ಹಾಕುವುದು ಹಾಡುವವರಿಗೂ ಅನ್ಯಾಯ, ಕೇಳುವವರಿಗೂ ಅನ್ಯಾಯ. ಜಾಹೀರಾತಿಗೆ ಜಾಗ ಮಾಡಬೇಕಾದರೆ ನಾವು ಹತ್ತು ನಿಮಿಷದ ತುಣುಕುಗಳನ್ನೇ ಆರಿಸಬೇಕಾಗುತ್ತದೆ. ಆಮೇಲೆ ದುಡ್ಡು ಕೊಟ್ಟವರು ಎಷ್ಟು ಜನ ಕೇಳಿದರು ಅಂತ ಲೆಕ್ಕ ಕೇಳುತ್ತಾರೆ. ಹೆಚ್ಚು ಜನ ಕೇಳುವ ಹತ್ತಿಪ್ಪತ್ತು ಕೃತಿಗಳನ್ನೇ ತಿರುಗಿಸಿ ಹಾಕಿ ಅನ್ನುತ್ತಾರೆ. ಅವರು ಕೆಟ್ಟವರು ಅಂತಲ್ಲ. ಕೊಟ್ಟ ದುಡ್ಡಿಗೆ ಲೆಕ್ಕ ಕೇಳುವುದು ಅವರ ಹಕ್ಕು. ಆ ಹಕ್ಕನ್ನು ಯಾರಿಗೂ ಕೊಡಬಾರದು ಅನ್ನುವುದೇ ನನ್ನ ಹಟ.

ಖರ್ಚಿನ ಬಗ್ಗೆ ನೀನು ಅಂದುಕೊಂಡಷ್ಟು ಭಯ ಬೇಡ. ನಮ್ಮ ಪ್ರಸಾರ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿತ್ರೀ. ಒಬ್ಬರು ಒಂದು ಗಂಟೆ ಕೇಳಿದರೆ ಸುಮಾರು 58 ಎಂಬಿ ಡೇಟಾ. ನೂರು ಜನ ಒಟ್ಟಿಗೆ ಕೇಳಿದರೂ ಸೆಕೆಂಡಿಗೆ 12.8 ಮೆಗಾಬಿಟ್, ಅಷ್ಟೆ. ಒಂದು ಸಣ್ಣ ಬಾಡಿಗೆ ಸರ್ವರ್ ಅದನ್ನು ಸುಲಭವಾಗಿ ಎಳೆಯುತ್ತದೆ. ಪ್ರಸಾರ ಮಾಡುವ ಐಸ್‌ಕಾಸ್ಟ್ ಎಂಬ ತಂತ್ರಾಂಶ ಉಚಿತ, ಅದರ ಮೂಲ ಸಂಕೇತವೂ ಎಲ್ಲರಿಗೆ ತೆರೆದಿದೆ. ಡೇಟಾ ಕಡಿಮೆ ಇರುವವರಿಗೆ 64 ಕಿಲೋಬಿಟ್‌ನ ಓಪಸ್ ಇನ್ನೊಂದು ಧಾರೆ ಇಟ್ಟಿದ್ದೇವೆ. ಅದೇ 64ರಲ್ಲಿ ಎಂಪಿತ್ರೀ ಹಾಕಿದರೆ ತಂಬೂರಿಯ ಝೇಂಕಾರ ನೀರಿನಲ್ಲಿ ಮುಳುಗಿದ ಹಾಗೆ ಕೇಳುತ್ತದೆ. ಓಪಸ್‌ನಲ್ಲಿ ಅದು ನಿಲ್ಲುತ್ತದೆ. ನಾವು ನಾಲ್ವರು ಸೇರಿ ಬಾಡಿಗೆ ಹಂಚಿಕೊಳ್ಳುತ್ತೇವೆ, ಯಾರಿಗೂ ಸಂಬಳವಿಲ್ಲ.

ತಾನೇ ತಾನಾಗಿ ನಡೆಯುವ ರೇಡಿಯೊ ತಂತ್ರಾಂಶಗಳೆಲ್ಲ ಸಿನಿಮಾ ಹಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಒಂದು ಹಾಡು ಮುಗಿಯುವಾಗ ಇನ್ನೊಂದನ್ನು ಅದರ ಬಾಲಕ್ಕೆ ಬೆಸೆಯುತ್ತವೆ. ನಮ್ಮಲ್ಲಿ ಅದನ್ನು ಮೊದಲೇ ತೆಗೆದುಹಾಕಬೇಕು. ಒಬ್ಬರದು ಒಂದು ಶ್ರುತಿ, ಇನ್ನೊಬ್ಬರದು ಇನ್ನೊಂದು. ಎರಡು ಷಡ್ಜಗಳು ಅರೆಗಳಿಗೆ ಒಂದರ ಮೇಲೊಂದು ಬಿದ್ದರೂ ಕಿವಿ ಕುಯ್ದ ಹಾಗಾಗುತ್ತದೆ. ನಾವು ಎರಡು ರಾಗಗಳ ನಡುವೆ ಹತ್ತು ಸೆಕೆಂಡು ಏನೂ ಇಲ್ಲದೆ ಬಿಡುತ್ತೇವೆ. ಆ ತಂತ್ರಾಂಶಗಳಿಗೆ ಮೌನ ಕಂಡರೂ ಆಗದು. ಸದ್ದು ನಿಂತರೆ ಏನೋ ಕೆಟ್ಟಿದೆ ಅಂತ ಮುಂದಿನದಕ್ಕೆ ಹಾರಿಬಿಡುತ್ತವೆ. ವೀಣೆಯ ತಾನಕ್ಕೆ ಮುಂಚಿನ ವಿರಾಮವನ್ನೂ ಅವು ಬಾಳಗೊಡುವುದಿಲ್ಲ. ಆ ಕಾವಲನ್ನು ಸಡಿಲಿಸಿ ಇಟ್ಟಿದ್ದೇವೆ.

ಇನ್ನು ಹಳೆಯ ಪ್ಲೇಟುಗಳು. ನಿನಗೆ ಇದನ್ನು ಬರೆಯುವಾಗ ನನಗೆ ಕೈ ನಿಲ್ಲುವುದಿಲ್ಲ. ಹತ್ತಂಗುಲದ ಒಂದು 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಅದರೊಳಗೆ ಅಬ್ದುಲ್ ಕರೀಂ ಖಾನ್ ಸಾಹೇಬರು ಝಿಂಝೋಟಿಯ ಒಂದು ಪೂರ್ಣ ರೂಪವನ್ನು ಕಟ್ಟಿ ಕೊಟ್ಟಿದ್ದಾರೆ. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು ಆ ಪ್ಲೇಟು ಕೇಳಿದ ಹುಚ್ಚಿನಲ್ಲಿ. ಇಂಥದ್ದನ್ನು ಒರೆಸಿ ತಿರುಗಿಸುವಾಗ ಎಷ್ಟು ಎಚ್ಚರ ಬೇಕು ಗೊತ್ತಾ? ಅವು ಅರಗಿನಿಂದ ಮಾಡಿದವು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಆದ್ದರಿಂದ ಬಟ್ಟಿ ಇಳಿಸಿದ ನೀರು, ಮೆತ್ತನೆ ಬಟ್ಟೆ, ಅಷ್ಟೆ. ಎಲ್‌ಪಿಯ ಮುಳ್ಳನ್ನು ಇಟ್ಟರೆ ಅದು ಅಗಲವಾದ ಗೆರೆಯ ತಳಕ್ಕಿಳಿದು ಕಸವನ್ನೇ ಕೆರೆಯುತ್ತದೆ. ಸುಮಾರು ಮೂರು ಪಟ್ಟು ದಪ್ಪದ ಬೇರೆ ಮುಳ್ಳೇ ಬೇಕು. ಹೆಸರಿಗೆ 78 ಸುತ್ತು ಅಂದರೂ ಮೊದಲ ಕಾಲದ ಪ್ಲೇಟುಗಳನ್ನೆಲ್ಲ ಸರಿಯಾಗಿ ಆ ವೇಗದಲ್ಲೇ ಧ್ವನಿಮುದ್ರಿಸಿದ್ದಲ್ಲ. ನಿಮಿಷಕ್ಕೆ ನಾಲ್ಕೈದು ಸುತ್ತು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರಿ, ಗಂಭೀರವಾದ ಕಂಠ ತೆಳುವಾಗಿಬಿಡುತ್ತದೆ. ಅದೇ ಗಾಯಕರ ಬೇರೆ ಪ್ಲೇಟು, ಹಾರ್ಮೋನಿಯಂನ ಶ್ರುತಿ, ಉಸಿರಿನ ನಡಿಗೆ, ಎಲ್ಲ ಒಟ್ಟಿಗೆ ಇಟ್ಟುಕೊಂಡು ತೀರ್ಮಾನಿಸಬೇಕು.

ಕರಕರ ಸದ್ದನ್ನು ಪೂರ್ತಿ ತೆಗೆಯುವುದು ಈಗ ಕಷ್ಟವೇನಲ್ಲ, ಕಂಪ್ಯೂಟರು ಮಾಡಿಕೊಡುತ್ತದೆ. ಆದರೆ ಅದು ತೆಗೆಯುವಾಗ ತಂಬೂರಿಯನ್ನೂ ತೆಗೆಯುತ್ತದೆ, ಗಾಯಕರು ಉಸಿರೆಳೆದುಕೊಂಡ ಸದ್ದನ್ನೂ ತೆಗೆಯುತ್ತದೆ. ನಾನು ದೊಡ್ಡ ಗೀರುಗಳ ಟಕ್ ಟಕ್ ಮಾತ್ರ ತೆಗೆದು ಉಳಿದದ್ದನ್ನು ಹಾಗೇ ಬಿಡುತ್ತೇನೆ.

ಭಾವ ಕಾನೂನಿನ ಬಗ್ಗೆ ಕೇಳಿದ್ದರು. ಲಾಭವಿಲ್ಲದೆ ನಡೆಸುತ್ತೇವೆ ಅಂದ ಮಾತ್ರಕ್ಕೆ ಹಕ್ಕುಸ್ವಾಮ್ಯದಿಂದ ವಿನಾಯಿತಿ ಇಲ್ಲ. ನಮ್ಮ 1957ರ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು, ಅದು ಪ್ರಕಟವಾದ ಮುಂದಿನ ಕ್ಯಾಲೆಂಡರ್ ವರ್ಷದಿಂದ 60 ವರ್ಷ. ಅಂದರೆ 1964ರಲ್ಲಿ ಹೊರಬಂದ ಪ್ಲೇಟುಗಳು 2025ರ ಜನವರಿ 1ಕ್ಕೆ ಎಲ್ಲರವೂ ಆದವು. ನಮಗೆ ಪ್ರತಿ ಹೊಸ ವರ್ಷವೂ ಹಬ್ಬವೇ, ಇನ್ನೊಂದು ವರ್ಷದ ಸಂಗೀತದ ಬಾಗಿಲು ತೆರೆಯುತ್ತದೆ. ಆದರೆ ಕೃತಿಯ ಹಕ್ಕು ಬೇರೆ ಲೆಕ್ಕ, ವಾಗ್ಗೇಯಕಾರರು ತೀರಿಕೊಂಡ ಮೇಲೆ 60 ವರ್ಷ. ತ್ಯಾಗರಾಜರು, ದೀಕ್ಷಿತರು, ಪುರಂದರದಾಸರ ಬಗ್ಗೆ ಯೋಚನೆಯಿಲ್ಲ. ನಮ್ಮ ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಅವರ ಕೃತಿಗಳು 2022ರಿಂದ ಮುಕ್ತ. ಜಯಚಾಮರಾಜ ಒಡೆಯರು 1974ರಲ್ಲಿ ಹೋದರು. ಅವರ ಕೃತಿಗಳಿಗೆ 2034ರ ಕೊನೆಯವರೆಗೆ ಅನುಮತಿ ಬೇಕು. ಎಫ್‌ಎಂನವರಿಗೆ ನಿಗದಿತ ದರ ಕಟ್ಟಿ ಹಾಡು ಹಾಕುವ ಒಂದು ದಾರಿಯನ್ನು 2012ರ ತಿದ್ದುಪಡಿ ಮಾಡಿಕೊಟ್ಟಿತು. ಅದು ಇಂಟರ್ನೆಟ್ಟಿಗೆ ಅನ್ವಯಿಸದು ಅಂತ ಬಾಂಬೆ ಹೈಕೋರ್ಟು 2019ರಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ನಮ್ಮ ದಾರಿ ಎರಡೇ: ಅವಧಿ ಮುಗಿದ ಪ್ಲೇಟುಗಳು, ಇಲ್ಲವೇ ಕಲಾವಿದರ ಅಥವಾ ಅವರ ಮನೆಯವರ ಲಿಖಿತ ಒಪ್ಪಿಗೆ ಇರುವ ಕಛೇರಿಗಳು. ಎರಡನೆಯದಕ್ಕೆ ನಾನೇ ಮನೆಮನೆಗೆ ಹೋಗುತ್ತೇನೆ. ಕಾಫಿ ಕೊಟ್ಟು, ಬೀರು ತೆಗೆದು, ಹಳೆಯ ಫೋಟೊ ತೋರಿಸಿ, ಆಮೇಲೆ ಸಹಿ ಹಾಕಿಕೊಡುತ್ತಾರೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಎಲ್ಲವೂ ಯೂಟ್ಯೂಬಿನಲ್ಲಿ ಸಿಗುವಾಗ ಇದೆಲ್ಲ ಯಾಕೆ ಅಂತಲೂ ಕೇಳಿದ್ದೀಯ. ಶಿವಮೊಗ್ಗದಲ್ಲಿ ನಮಗೊಬ್ಬ ಕೇಳುಗರಿದ್ದಾರೆ, ಕಣ್ಣು ಪೂರ್ತಿ ಹೋಗಿದೆ. ಮಗಳು ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಫೋನಿನಲ್ಲಿ ನಮ್ಮ ರೇಡಿಯೊ ಹಚ್ಚಿಟ್ಟು ಹೋಗುತ್ತಾಳೆ. ಸಂಜೆಯವರೆಗೆ ಅವರು ಏನನ್ನೂ ಒತ್ತಬೇಕಿಲ್ಲ, ಹುಡುಕಬೇಕಿಲ್ಲ. ಅದೂ ಅಲ್ಲದೆ, ಗೊತ್ತಿರುವ ಹೆಸರನ್ನಷ್ಟೇ ಹುಡುಕಲು ಸಾಧ್ಯ. ಮಲ್ಲಿಕಾರ್ಜುನ ಮನಸೂರರ ಬಹಾದುರಿ ತೋಡಿಯನ್ನೋ ಖಟ್ ರಾಗವನ್ನೋ ಹೆಸರೇ ಕೇಳದವರು ಹೇಗೆ ಹುಡುಕಿಯಾರು? ಯಾರಾದರೂ ಅವರ ಮುಂದೆ ಇಡಬೇಕು. ಧಾರವಾಡದ ಆಕಾಶವಾಣಿ ಒಂದು ಇಡೀ ಸೀಮೆಗೆ ಹಾಗೆ ಇಟ್ಟಿತು. ನಮ್ಮ ಮನೆಯಲ್ಲೂ ಸಂಗೀತ ಬೆಳೆದದ್ದು ಯಾರೋ ಇಟ್ಟದ್ದನ್ನು ಕೇಳಿಯೇ.

ಇದೇ ಊರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದ ರೇಡಿಯೊ ಶುರು ಮಾಡಿದರು, 30 ವಾಟ್‌ನ ಒಂದು ಪ್ರೇಷಕ ಇಟ್ಟುಕೊಂಡು. ವ್ಯಾಪಾರಕ್ಕಲ್ಲ, ಊರಿನವರು ಕೇಳಲಿ ಅಂತ. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅವರ 30 ವಾಟ್ ಊರು ದಾಟಿದರೆ ಹೆಚ್ಚು. ನಾನು ಇಲ್ಲಿ ಗುಂಡಿ ಒತ್ತಿದರೆ ನಿನಗೆ ಅಲ್ಲಿ ಕೇಳುತ್ತದೆ. ಅಷ್ಟು ಅನುಕೂಲ ಇಟ್ಟುಕೊಂಡು ನಾವು ಇದನ್ನು ನಡೆಸದೆ ಇರುವುದು ಹೇಗೆ?

ಹೊತ್ತಿನ ವಿಷಯದಲ್ಲಿ ನಿನ್ನ ದೂರು ನ್ಯಾಯವೇ. ಇಲ್ಲಿ ಬೆಳಗಿನ ಆರಕ್ಕೆ ಭೂಪಾಳವೋ ಬಿಲಹರಿಯೋ ಬಂದರೆ ನಿನಗೆ ಅದು ಹಿಂದಿನ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಪ್ರಸಾರವನ್ನು ಹತ್ತೂವರೆ ಗಂಟೆ ತಡ ಮಾಡಿ ಅಮೆರಿಕದವರಿಗೆ ಬೇರೆ ಧಾರೆ ಕೊಡಬಹುದು ಅಂತ ನಮ್ಮ ತಂಡದ ಹುಡುಗ ಹೇಳುತ್ತಾನೆ. ನಾನು ಒಪ್ಪಿಲ್ಲ. ದಸರೆಯ ರಾತ್ರಿ ಇಲ್ಲಿ ನಾನು, ಅಲ್ಲಿ ನೀನು, ಮೆಲ್ಬರ್ನ್‌ನಲ್ಲಿ ಚಿಕ್ಕಪ್ಪನ ಮಗ ಒಂದೇ ಕ್ಷಣದಲ್ಲಿ ಒಂದೇ ಸಂಗತಿಗೆ ‘ಆಹಾ’ ಅನ್ನಬೇಕು. ಆ ಒಂದು ಸುಖಕ್ಕಾಗಿ ಮೈಸೂರಿನ ಸೂರ್ಯನನ್ನೇ ಎಲ್ಲರಿಗೂ ಸೂರ್ಯ ಮಾಡಿದ್ದೇನೆ.

ಇಷ್ಟೆಲ್ಲ ಆದ ಮೇಲೆ ನನ್ನ ನಿಜವಾದ ಕೊರತೆಗೆ ಬರುತ್ತೇನೆ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತಾದಲ್ಲಿ ಧ್ವನಿಮುದ್ರಣ ಮಾಡಿದಾಗ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನ ಕೆಲಸಗಾರರಿಗೆ ಯಾರದು ಅಂತ ತಿಳಿಯಲಿ ಎಂದು. ಅವಳು ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲೇ, 1930ರ ಜನವರಿಯಲ್ಲಿ, ಆಸ್ಥಾನ ಗಾಯಕಿಯಾಗಿ. ಆ ಹೆಸರು ನೂರಿಪ್ಪತ್ತು ವರ್ಷದ ಮೇಲೂ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಅವಳ ಜೊತೆ ತಬಲ ನುಡಿಸಿದವರು ಯಾರು? ಸಾರಂಗಿ ಯಾರದು? ಬಹುಪಾಲು ಹಳೆಯ ಪ್ಲೇಟುಗಳ ಲೇಬಲ್ಲಿನಲ್ಲಿ ಪಕ್ಕವಾದ್ಯದವರ ಹೆಸರೇ ಇಲ್ಲ. ಮನೆಯಲ್ಲಿ ಸ್ಪೂಲಿಗೆ ಹಿಡಿದ ಕಛೇರಿಗಳಲ್ಲೂ ಹಾಗೇ: ಡಬ್ಬಿಯ ಮೇಲೆ ಗಾಯಕರ ಹೆಸರು, ರಾಗ, ಬಿಟ್ಟರೆ ಏನೂ ಇರುವುದಿಲ್ಲ. ಹದಿನೈದು ನಿಮಿಷ ತನಿ ನುಡಿಸಿ ಸಭೆಯನ್ನು ಎಬ್ಬಿಸಿ ಕೂರಿಸಿದ ಮನುಷ್ಯನಿಗೆ ಹೆಸರಿಲ್ಲ ಅಂದರೆ ನನಗೆ ತಡೆಯಲಾಗುವುದಿಲ್ಲ. ತಂಬೂರಿಯವರ ಹೆಸರೂ ಸೇರಿ ಎಲ್ಲ ಹೆಸರು ಸಿಗುವ ತನಕ ಯಾವ ಖಾಸಗಿ ಮುದ್ರಣವನ್ನೂ ಪ್ರಸಾರ ಮಾಡಬಾರದು ಅಂತ ನಾವು ನಿಯಮ ಮಾಡಿಕೊಂಡಿದ್ದೇವೆ. ಇದು ದುಡ್ಡಿನಿಂದ ಆಗುವ ಕೆಲಸವಲ್ಲ. ಅಲ್ಲಿ ಕೂತು ಕೇಳಿದವರ ನೆನಪು ಬೇಕು, ಅಂಥವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಅಪ್ಪನ ಸ್ಪೂಲುಗಳಲ್ಲಿ ಮೂರು ಹೀಗೆ ನಿಂತಿವೆ. ಮೂರೂ ಎಪ್ಪತ್ತರ ದಶಕದವು. ಒಂದು ಬಿಡಾರಂ ಕೃಷ್ಣಪ್ಪನವರ ರಾಮಮಂದಿರದ್ದು: ಷಣ್ಮುಖಪ್ರಿಯ ರಾಗ, ತಾನ, ಪಲ್ಲವಿ, ಅದ್ಭುತವಾದ ಖಂಜಿರ, ಯಾರ ಕೈಯೋ ಗೊತ್ತಿಲ್ಲ. ಎರಡನೆಯದು ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನದು, ಅದರ ಪಿಟೀಲಿನವರು. ಮೂರನೆಯದು ನಮ್ಮ ಮನೆಯ ಹಜಾರದಲ್ಲಿ ನಡೆದ ವೀಣೆ, ಅದಕ್ಕೆ ಮೃದಂಗದವರು. ಆ ದಿನ ತಂಬೂರಿ ಹಿಡಿದು ಕೂತವಳು ನೀನೇ ಅಂತ ಅಮ್ಮ ಹೇಳಿದಳು, ನಿನ್ನ ಹೆಸರನ್ನಂತೂ ಬರೆದುಕೊಂಡಿದ್ದೇನೆ. ಮೂರನ್ನೂ ಈ ಕಾಗದದ ಜೊತೆ ನಿನ್ನ ಫೋನಿಗೆ ಕಳಿಸುತ್ತಿದ್ದೇನೆ. ಭಾವನ ಆಫೀಸಿನವರಿಗೆ ನನ್ನ ನಮಸ್ಕಾರ ತಿಳಿಸು, ದುಡ್ಡು ಬೇಡ ಅನ್ನು. ನೀನು ಮಾತ್ರ ಒಂದು ಭಾನುವಾರ ಪುರುಸೊತ್ತು ಮಾಡಿಕೊಂಡು ಕೂತು ಕೇಳು. ಖಂಜಿರ, ಪಿಟೀಲು, ಮೃದಂಗ, ಈ ಮೂವರ ಹೆಸರು ಬರೆದು ಕಳಿಸು. ಖಚಿತವಿಲ್ಲದಿದ್ದರೆ ಆಗ ನಿನ್ನ ಪಕ್ಕದಲ್ಲಿ ಕೂತಿದ್ದವರು ಯಾರು ಅಂತಾದರೂ ಬರೆ, ನಾನು ಅವರನ್ನು ಹೋಗಿ ಕೇಳುತ್ತೇನೆ.

ನಿನ್ನ ಪ್ರೀತಿಯ
ತಂಗಿ