ಹುಲಜಂತಿಯ ದಾಳಿಂಬೆ, ಬಂದರಿನ ಹೊಗೆ

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿರವಾಗಿರುವ ಹುಲಜಂತಿಯು ಮಹಾಲಿಂಗರಾಯನ ಊರು. ದೀಪಾವಳಿಯ ಅಮಾವಾಸ್ಯೆಯ ಜಾತ್ರೆಗೆ ಮಹಾರಾಷ್ಟ್ರ, ಕರ್ನಾಟಕ ಮತ್ತು ತೆಲುಗು ನಾಡುಗಳಿಂದ ಹಾಲುಮತದ ಭಕ್ತರು ಇಲ್ಲಿ ನೆರೆಯುತ್ತಾರೆ. ಗುರು ಬೀರಪ್ಪನ ಪಲ್ಲಕ್ಕಿಯೂ ಶಿಷ್ಯ ಮಹಾಲಿಂಗರಾಯನ ಪಲ್ಲಕ್ಕಿಯೂ ಎದುರುಗೊಳ್ಳುವ ಹೊತ್ತಿಗೆ ಡೊಳ್ಳಿನ ಸದ್ದು ಮುಗಿಲು ಮುಟ್ಟುತ್ತದೆ. ಎರಚಿದ ಭಂಡಾರದಿಂದ ಮನುಷ್ಯರೂ ಮಣ್ಣೂ ಒಂದೇ ಹಳದಿಯಾಗುತ್ತವೆ. ಅಮಾವಾಸ್ಯೆಯ ರಾತ್ರಿ ಶಿವನೇ ಬಂದು ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾನೆಂಬುದು ಭಕ್ತರ ನಂಬಿಕೆ. ಆ ಮುಂಡಾಸನ್ನು ನೋಡಿ ಬರುವ ವರ್ಷದ ಮಳೆ-ಬೆಳೆಯನ್ನು ಹೇಳುವುದು ವಾಡಿಕೆ.

ಮಳೆಯ ಭವಿಷ್ಯ ಕೇಳಲು ಇಷ್ಟು ಜನ ಸೇರುವ ನೆಲವು ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಬಿಜ್ಜಳನ ಆಶ್ರಯದಲ್ಲಿ ಕಾಯಕ ಮಾಡಿದ ಮಂಗಳವೇಢೆಯು ಹಿಂಗಾರಿ ಜೋಳಕ್ಕೆ ಹೆಸರಾದದ್ದು. ಎರೆಭೂಮಿ ಹಿಡಿದಿಟ್ಟ ತೇವವನ್ನೇ ನಂಬಿ ಆ ಜೋಳ ಬೆಳೆಯುತ್ತದೆ. ಆದರೆ ತಾಲೂಕಿನ ದಕ್ಷಿಣದ ಹಳ್ಳಿಗಳು ನೀರಾವರಿಗಾಗಿ ದಶಕಗಳಿಂದ ಹೋರಾಡುತ್ತ ಬಂದಿವೆ. ಕಡಿಮೆ ನೀರಿನಲ್ಲೂ ಕೈಗೆ ನಗದು ತರಬಲ್ಲ ಬೆಳೆಯಾಗಿ ಈ ಸೀಮೆಗೆ ಒದಗಿದ್ದು ದಾಳಿಂಬೆ. ಸಾಂಗೋಲೆ, ಪಂಢರಪುರ, ಮಂಗಳವೇಢೆಯ ಬರಡು ಹೊಲಗಳಲ್ಲಿ ಹನಿ ನೀರಾವರಿಯ ಕೊಳವೆಗಳ ಗುಂಟ ದಾಳಿಂಬೆಯ ಸಾಲುಗಳು ಎದ್ದು ನಿಂತವು. ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರವು 2005ರಲ್ಲಿ ಸೊಲ್ಲಾಪುರದಲ್ಲಿ ಸ್ಥಾಪನೆಯಾದುದು ಈ ಕಾರಣಕ್ಕೇ.

ಈ ಹಣ್ಣೇ ಗಡಿನಾಡಿನ ಒಣನೆಲವನ್ನು ಕಡಲಿಗೆ ಕಟ್ಟಿಹಾಕಿದೆ. 2024ರ ಡಿಸೆಂಬರ್ 6ರಂದು ಸೊಲ್ಲಾಪುರ ಸೀಮೆಯ 5.7 ಟನ್ ದಾಳಿಂಬೆ ಹಡಗೇರಿ, 2025ರ ಜನವರಿ 13ರಂದು ಸಿಡ್ನಿಯನ್ನು ಮುಟ್ಟಿತು. ಭಾರತದ ದಾಳಿಂಬೆ ಸಮುದ್ರಮಾರ್ಗವಾಗಿ ಆಸ್ಟ್ರೇಲಿಯಕ್ಕೆ ಹೋದದ್ದು ಅದೇ ಮೊದಲು. ಮೂವತ್ತೆಂಟು ದಿನ ಹಣ್ಣು ಕೆಡದಂತೆ ಉಳಿಯಬೇಕಾದರೆ ತಂಪು ಒಂದು ಗಳಿಗೆಯೂ ತಪ್ಪಬಾರದು. ಲಾರಿಯ ಮೇಲೆ ಇಂಜಿನ್ನು, ಹಡಗಿನೊಳಗೆ ಹಡಗಿನದೇ ವಿದ್ಯುತ್ತು, ಬಂದರಿನ ಅಂಗಳದಲ್ಲಿ ಬಂದರಿನ ವಿದ್ಯುತ್ತು ಆ ತಂಪನ್ನು ಕಾಯುತ್ತವೆ. ಮುಂಬಯಿಯ ಆಚೆದಡದ ನ್ಹಾವಾ ಶೇವಾದಲ್ಲಿ 1989ರಲ್ಲಿ ತೆರೆದ ಜವಾಹರಲಾಲ್ ನೆಹರೂ ಬಂದರು ಮಹಾರಾಷ್ಟ್ರದ ಹಣ್ಣಿಗೆ ಹೆಬ್ಬಾಗಿಲು. ಸೊಲ್ಲಾಪುರದಿಂದ ಅಲ್ಲಿಗೆ ಸುಮಾರು 400 ಕಿಲೋಮೀಟರ್ ದಾರಿ. ಶೀತಲ ಕಂಟೇನರುಗಳು ಅಲ್ಲಿ ಸಾಲಾಗಿ ವಿದ್ಯುತ್ತಿಗೆ ಜೋತುಕೊಂಡು ತಮ್ಮ ಹಡಗಿನ ದಾರಿ ಕಾಯುತ್ತವೆ.

ಬಂದರು ಎಂದರೆ ನೀಲಿ ನೀರಿನ ಚಿತ್ರ ಕಣ್ಣಿಗೆ ಬರುವುದು ಸಹಜ. ಹತ್ತಿರ ಹೋದವರಿಗೆ ಮೊದಲು ತಟ್ಟುವುದು ಡೀಸೆಲ್ಲಿನ ವಾಸನೆ. ಧಕ್ಕೆಗೆ ಕಟ್ಟಿದ ಹಡಗು ಚಲಿಸದಿದ್ದರೂ ದೀಪಕ್ಕೆ, ಪಂಪಿಗೆ, ತಂಪಿಗೆ ಅದರ ಇಂಜಿನ್ನುಗಳು ಉರಿಯುತ್ತಲೇ ಇರುತ್ತವೆ. ಹಡಗನ್ನು ಎಳೆದು ತರುವ ಟಗ್ಗುಗಳು, ಕ್ರೇನುಗಳು, ಬಾಗಿಲಲ್ಲಿ ಸರದಿ ನಿಂತ ಲಾರಿಗಳು ಅದಕ್ಕೆ ತಮ್ಮ ಪಾಲಿನ ಹೊಗೆ ಕೂಡಿಸುತ್ತವೆ. ಅಮೆರಿಕದ ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳು 2006ರಲ್ಲೇ ಕೂಡಿ ಒಂದು ಶುದ್ಧ ವಾಯು ಯೋಜನೆಯನ್ನು ರೂಪಿಸಿದವು. 2022ರ ಕಾನೂನಿನಲ್ಲಿ ಆ ದೇಶವು ಬಂದರುಗಳ ಹೊಗೆ ತಗ್ಗಿಸಲೆಂದೇ 300 ಕೋಟಿ ಡಾಲರ್ ಸಾರ್ವಜನಿಕ ಹಣವನ್ನು ತೆಗೆದಿರಿಸಿತು.

ಭಾರತದಲ್ಲಿ 2023ರ ಮೇ ತಿಂಗಳಲ್ಲಿ 'ಹರಿತ್ ಸಾಗರ್' ಮಾರ್ಗಸೂಚಿ ಹೊರಬಂತು. ಪ್ರಮುಖ ಬಂದರುಗಳು ಪ್ರತಿ ಟನ್ ಸರಕಿಗೆ ಹೊಮ್ಮಿಸುವ ಇಂಗಾಲವನ್ನು 2030ರೊಳಗೆ ಶೇಕಡಾ 30, 2047ರೊಳಗೆ ಶೇಕಡಾ 70 ತಗ್ಗಿಸಬೇಕೆಂಬುದು ಅದರ ಗುರಿ. ಮರುವರ್ಷ ಡೀಸೆಲ್ ಟಗ್ಗುಗಳ ಬದಲು ಹಸಿರು ಟಗ್ಗುಗಳನ್ನು ತರಲು ಸುಮಾರು 1,000 ಕೋಟಿ ರೂಪಾಯಿಯ ಕಾರ್ಯಕ್ರಮ ಆರಂಭವಾಯಿತು. ಅದರ ಮೊದಲ ಹಂತದ ನಾಲ್ಕು ಬಂದರುಗಳಲ್ಲಿ ನ್ಹಾವಾ ಶೇವಾ ಒಂದು. ಧಕ್ಕೆಯಲ್ಲಿ ನಿಂತ ಹಡಗು ತನ್ನ ಇಂಜಿನ್ ಆರಿಸಿ ದಡದ ವಿದ್ಯುತ್ತನ್ನೇ ಪಡೆಯಬೇಕೆಂಬುದೂ ಈ ಯೋಜನೆಗಳ ಆಶಯ.

ದಡದ ಆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯ ಉತ್ತರದ ಒಂದು ಭಾಗವು ಕಡಲ ಬಳಿ ಇಲ್ಲ, ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿದೆ. ಹೊಟಗಿಯ ಸಮೀಪ, ಫತಾಟೆವಾಡಿ ಮತ್ತು ಆಹೇರವಾಡಿಯ ನೆಲದಲ್ಲಿ ಎನ್‌ಟಿಪಿಸಿಯ ಕಲ್ಲಿದ್ದಲು ಸ್ಥಾವರ ನಿಂತಿದೆ. 660 ಮೆಗಾವ್ಯಾಟ್‌ನ ಎರಡು ಘಟಕಗಳಲ್ಲಿ ಒಂದು 2017ರಲ್ಲಿ, ಇನ್ನೊಂದು 2019ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅದಕ್ಕೆ ನೀರು ಭೀಮೆಯ ಉಜನಿ ಜಲಾಶಯದ್ದು. ಕನ್ನಡ ಮನೆಮಾತಾಗಿರುವ ಎಷ್ಟೋ ಹಳ್ಳಿಗಳು ಆ ಸುತ್ತಿನಲ್ಲಿವೆ.

ಅಲ್ಲಿಂದ ಹೊರಡುವ ವಿದ್ಯುತ್ತು ಯಾರ ಮನೆಯ ದೀಪವೆಂದು ಗುರುತು ಹಚ್ಚುವಂತಿಲ್ಲ. ಕೆರೆಗೆ ಹರಿದುಬಂದ ಹಳ್ಳಗಳ ನೀರಿನಂತೆ ಎಲ್ಲವೂ ಒಂದೇ ಜಾಲದಲ್ಲಿ ಬೆರೆಯುತ್ತದೆ. ಆ ಜಾಲದ ಇತಿಹಾಸದಲ್ಲೂ ಸೊಲ್ಲಾಪುರಕ್ಕೆ ಸ್ಥಾನವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡಾಗಲೇ ದಕ್ಷಿಣ ಭಾರತದ ವಿದ್ಯುತ್ ಜಾಲವು ಉಳಿದ ದೇಶದ ಜಾಲದೊಡನೆ ಏಕವಾಯಿತು. ರಾಜ್ಯಗಳ ಗಡಿ ತಗಾದೆ ಇನ್ನೂ ನ್ಯಾಯಾಲಯದಲ್ಲಿರುವಾಗಲೇ ತಂತಿಗಳು ಎರಡು ಸೀಮೆಗಳನ್ನು ಒಂದುಗೂಡಿಸಿದವು.

ಆದುದರಿಂದ ಹಡಗಿನ ಇಂಜಿನ್ ಆರಿದ ಮಾತ್ರಕ್ಕೆ ಹೊಗೆ ಅಳಿಯಿತೆನ್ನುವಂತಿಲ್ಲ. ಬಂದರಿನ ಗಾಳಿ ತಿಳಿಯಾಗುತ್ತದೆ, ಅಲ್ಲಿ ದುಡಿಯುವವರ ಎದೆ ಹಗುರವಾಗುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ತಂತಿಯ ಈಚೆ ತುದಿಯಲ್ಲಿ ಕಲ್ಲಿದ್ದಲೇ ಉರಿಯುತ್ತಿದ್ದರೆ ಆ ಹೊಗೆಯ ಒಂದಷ್ಟು ಪಾಲು ಸಮುದ್ರದಿಂದ ಎದ್ದು ಒಳನಾಡಿಗೆ ಬಂದು ಕುಳಿತಂತೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರದ ಹೆಸರೂ ಇದೆ. ಒಂದು ಕೈಯಿಂದ ಬಂದರಿನ ಗಾಳಿಗೆ, ಇನ್ನೊಂದು ಕೈಯಿಂದ ಸೊಲ್ಲಾಪುರದ ಗಾಳಿಗೆ ಹಣ ಹಾಕುವ ಸರಕಾರವು ಎರಡನ್ನೂ ಒಂದೇ ಲೆಕ್ಕದಲ್ಲಿ ನೋಡಬೇಕಾಗಿದೆ.

ಕರ್ನಾಟಕದ ಪಣಂಬೂರು ಇದಕ್ಕೆ ಒಳ್ಳೆಯ ಪಾಠ. ಅಲ್ಲಿಯ ನವಮಂಗಳೂರು ಬಂದರು ತನ್ನ ಸ್ವಂತ ವಿದ್ಯುತ್ ಅಗತ್ಯಕ್ಕೆ ಸರಿಸಾಟಿಯಾದ ಸೌರ ವಿದ್ಯುತ್ತನ್ನು ತಾನೇ ಉತ್ಪಾದಿಸುವ ಮಟ್ಟಕ್ಕೆ ಬೆಳೆದಿದೆ. ಅದೇ ಬಂದರಿನಲ್ಲಿ ಹೊರದೇಶದ ಕಲ್ಲಿದ್ದಲು ಇಳಿದು ಉಡುಪಿಯ ಪಡುಬಿದ್ರಿ ಬಳಿಯ ಉಷ್ಣ ಸ್ಥಾವರಕ್ಕೆ ಸಾಗಿದೆ. ಛಾವಣಿ ಸೂರ್ಯನದು, ಧಕ್ಕೆಯ ಸರಕು ಕಲ್ಲಿದ್ದಲು. ಬಂದರೊಂದೇ ಶುದ್ಧವಾದರೆ ಸಾಲದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಊರು ಬೇರೆ ಬೇಕಿಲ್ಲ.

ಮಂಗಳವೇಢೆಯ ಸೀಮೆಗೆ ಮಳೆ ಕಡಿಮೆ, ಬಿಸಿಲಿಗೆ ಬರವಿಲ್ಲ. ಮಹಾರಾಷ್ಟ್ರ ಸರಕಾರದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯು ಹಳ್ಳಿಯ ಹತ್ತಿರವೇ ಸೌರ ಫಲಕಗಳನ್ನು ಹೂಡಿ, ರೈತನ ಪಂಪಿಗೆ ಹಗಲಲ್ಲಿ ವಿದ್ಯುತ್ ಕೊಡುವ ಉದ್ದೇಶದ್ದು. ರಾತ್ರಿ ಪಾಳಿಯ ಕರೆಂಟಿಗಾಗಿ ನಿದ್ದೆಗೆಟ್ಟು ಹಾವು-ಚೇಳಿನ ನಡುವೆ ತೋಟಕ್ಕೆ ನಡೆಯುವವನಿಗೆ ಅದರ ಬೆಲೆ ಗೊತ್ತು. ಬಂದರಿಗೆ ಹಸಿರು ಟಗ್ಗು ಬರುವಂತೆ ಹಣ್ಣು ಬೆಳೆಯುವ ಹೊಲಕ್ಕೂ ಹಗಲಿನ ಸೌರ ವಿದ್ಯುತ್ತು ಬರಬೇಕು. ತೋಟದ ಬಳಿಯ ಶೀತಲಗೃಹಕ್ಕೂ ಅದೇ ಬಿಸಿಲು ತಂಪು ನೀಡಬೇಕು.

ಸಿಡ್ನಿಯಲ್ಲಿ ಪೆಟ್ಟಿಗೆ ಬಿಚ್ಚುವವರಿಗೆ ಹಣ್ಣಿನ ಬಣ್ಣ, ರುಚಿ ತಿಳಿಯುತ್ತದೆ. ಅದು ಬಂದ ದಾರಿಯ ಹೊಗೆ ತಿಳಿಯುವುದಿಲ್ಲ. ಆ ಹೊಗೆ ಅಳೆಯುವವರು ಬಂದರಿನ ಬಾಗಿಲಿನಿಂದ ಲೆಕ್ಕ ಹಿಡಿಯದೆ ಮಂಗಳವೇಢೆಯ ಹೊಲದಿಂದ, ಹೊಟಗಿಯ ಚಿಮಣಿಯಿಂದ ಲೆಕ್ಕ ಹಿಡಿಯಲಿ. ಸಾರ್ವಜನಿಕರ ಹಣ ಎಲ್ಲೆಲ್ಲಿಗೆ ತಲುಪಬೇಕೆಂಬುದು ಆಗ ತಾನಾಗಿ ಗೊತ್ತಾಗುತ್ತದೆ.