ಕೋಶ ಕಾಣದ ಯಂತ್ರ, ಕೋಶದ ಲೆಕ್ಕ

ತೊಡೆಯ ಎಂಆರ್‌ಐ ವರದಿ. ಕೊನೆಯ ಸಾಲು: ‘ಹೈ ಗ್ರೇಡ್ ಸಾರ್ಕೋಮಾ ಇರಬಹುದು, ಬಯಾಪ್ಸಿ ಅಗತ್ಯ.’ ಗ್ರೇಡ್ ಕೊಡುವುದು ಪ್ಯಾಥಾಲಜಿಸ್ಟ್ ಕೆಲಸವಲ್ಲವೇ? ಹೆಚ್ಚು ಬಳಕೆಯಲ್ಲಿರುವ ಫ್ರೆಂಚ್ ಪದ್ಧತಿ ಮೂರನ್ನು ಲೆಕ್ಕ ಹಾಕುತ್ತದೆ: ಗಡ್ಡೆಯ ಕೋಶಗಳು ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತವೆ, ಎಷ್ಟು ಕೋಶ ಒಡೆದು ಎರಡಾಗುತ್ತಿವೆ, ಎಷ್ಟು ಭಾಗ ಸತ್ತಿದೆ. ಅಂಕ ಕೂಡಿಸಿದರೆ ಗ್ರೇಡ್ 1, 2 ಅಥವಾ 3. ಎಂಆರ್‌ಐಗೆ ಕೋಶವೇ ಕಾಣದು. ಮೂರರಲ್ಲಿ ಅದು ನೇರವಾಗಿ ಅಂದಾಜಿಸಬಲ್ಲದ್ದು ಸತ್ತ ಭಾಗ ಮಾತ್ರ. ಕಾಂಟ್ರಾಸ್ಟ್ ಕೊಟ್ಟರೂ ಅಲ್ಲಿ ಬೆಳಗುವುದಿಲ್ಲ.

ರೇಡಿಯಾಲಜಿಸ್ಟ್ ಗಡ್ಡೆಗಿಂತ ಅದರ ಅಂಚನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಗಡ್ಡೆಯಾಚೆಯ ಸ್ನಾಯುವೂ ಕಾಂಟ್ರಾಸ್ಟ್ ಹೀರಿ ಬೆಳಗಿದರೆ ಹೈ ಗ್ರೇಡ್ ಅನುಮಾನ ಬಲವಾಗುತ್ತದಂತೆ. ಸರಿ, ಆದರೆ ಕೀವು ತುಂಬಿದ ಬಾವಿನ ಸುತ್ತಲೂ ಹಾಗೇ ಬೆಳಗುತ್ತದಲ್ಲ!

5 ಸೆಂ.ಮೀ. ಮೀರಿದ, ಆಳದಲ್ಲಿರುವ ಗಡ್ಡೆ ಎಂದರೆ ಎಚ್ಚರ. ಹಾಗಿದ್ದೂ ಸೈನೋವಿಯಲ್ ಸಾರ್ಕೋಮಾ ಚಿಕ್ಕದಾಗಿ, ನುಣುಪಾಗಿ, ವರ್ಷಗಟ್ಟಲೆ ಸಾಧುವಂತೆ ಕೂತಿರಬಹುದು. ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಟಿ2 ಚಿತ್ರದಲ್ಲಿ ಬರೀ ನೀರುಗುಳ್ಳೆಯಂತೆ ಹೊಳೆಯುತ್ತದೆ. ಕಾಂಟ್ರಾಸ್ಟ್ ಒಳಹೋದಾಗಲೇ ಬಣ್ಣ ಬಯಲು.

ಡಿಫ್ಯೂಷನ್ ಇನ್ನೊಂದು ಜಾಣತನ. ಕೋಶಗಳು ಕಿಕ್ಕಿರಿದರೆ ನೀರಿನ ಅಣುಗಳಿಗೆ ಓಡಾಡಲು ಜಾಗವಿಲ್ಲ. ಆ ತಡೆಯನ್ನು ಅಳೆಯಬಹುದು. ಆದರೆ ಲೋಳೆ ತುಂಬಿದ ಗಡ್ಡೆ ಕೆಟ್ಟದ್ದಾಗಿದ್ದರೂ ನೀರು ಅಲ್ಲಿ ಸರಾಗ.

ಹಾಗಾದರೆ ಸೂಜಿ ಹಾಕಿ ನೋಡಿದರಾಯಿತು, ಚಿತ್ರದ ಊಹೆ ಯಾಕೆ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು, ಪಾತ್ರೆಯೆಲ್ಲ ಒಂದೇ ಹದ. ಸಾರ್ಕೋಮಾ ಹಾಗಲ್ಲ, ಒಂದು ಮೂಲೆ ಸೌಮ್ಯ, ಇನ್ನೊಂದು ಉಗ್ರ. ಸೂಜಿಗೆ ಸೌಮ್ಯ ಮೂಲೆ ಸಿಕ್ಕರೆ ಗ್ರೇಡ್ ಕಡಿಮೆ ಬರುತ್ತದೆ. ಸತ್ತ ಭಾಗ ಬಿಟ್ಟು, ಬೆಳಗುವ ಗಟ್ಟಿ ಭಾಗಕ್ಕೆ ಚುಚ್ಚಿ ಎಂದು ದಾರಿ ತೋರಿಸುವುದು ಎಂಆರ್‌ಐ. ಕೋಶ ಕಾಣದವನೇ ಕೋಶ ಎಣಿಸುವವನಿಗೆ ಜಾಗ ಹೇಳಬೇಕು!

ಸೂಜಿ ‘ಕಡಿಮೆ’ ಎಂದು, ಚಿತ್ರ ‘ಹೆಚ್ಚು’ ಎಂದರೆ? ಎಲ್ಲರೂ ಕೂತು ಚರ್ಚಿಸುತ್ತಾರೆ, ಬೇಕಿದ್ದರೆ ಮತ್ತೆ ಬಯಾಪ್ಸಿ. ಶಸ್ತ್ರಕ್ರಿಯೆಯಾದ ಮೇಲೆ ಇಡೀ ಗಡ್ಡೆ ಕೈಯಲ್ಲಿರುತ್ತದಲ್ಲ, ಆಗ ಯಾರು ಸರಿ ಎಂಬುದು ಇತ್ಯರ್ಥವಾಗಬೇಕು. ಅದೂ ಯಾವಾಗಲೂ ಆಗದು. ಹೈ ಗ್ರೇಡ್ ಎಂದು ಮೊದಲೇ ರೇಡಿಯೇಷನ್ ಅಥವಾ ಕೀಮೋ ಕೊಟ್ಟಿದ್ದರೆ, ಕೋಶ ಸತ್ತದ್ದು ರೋಗದಿಂದಲೋ ಮದ್ದಿನಿಂದಲೋ ಬೇರ್ಪಡಿಸಲಾಗದು; ಅಂಥ ಗಡ್ಡೆಗೆ ಗ್ರೇಡ್ ಕೊಡುವ ಪದ್ಧತಿಯಿಲ್ಲ.