ಬಾಳೂರಿನ ಕಾಫಿ ಇಳಿದ ದಾರಿ

ಮೂಡಿಗೆರೆ ಕಡೆಯ ಬಾಳೂರಿಗೆ ಹೋದವರು ತೋಟ, ಮಂಜು ನೋಡಿ ಹಿಂದಿರುಗುತ್ತೀರಿ, ಅಲ್ಲವೇ? ಈ ಸಲ ಇನ್ನಷ್ಟು ದೂರ ಬನ್ನಿ. ಇಲ್ಲಿನ ಕಾಫಿ ನೂರೈವತ್ತು ವರ್ಷದ ಹಿಂದೆ ಇಳಿದ ದಾರಿಯಲ್ಲೇ ನಾವೂ ಇಳಿಯೋಣ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು (ಬಿಡಬೇಡಿ!) ಚಾರ್ಮಾಡಿ ಘಾಟಿ ಇಳಿದರೆ ನೇತ್ರಾವತಿಯ ಸೀಮೆ. ಆಗೆಲ್ಲ ಲಾರಿ ಎಲ್ಲಿತ್ತು? ಮಲೆನಾಡಿನ ಕಾಫಿ ಎತ್ತಿನಗಾಡಿಯಲ್ಲಿ ಘಾಟಿ ಇಳಿದು ಬಂಟ್ವಾಳ ಸೇರುತ್ತಿತ್ತು. ಅಲ್ಲಿಂದ ಮಂಗಳೂರಿಗೆ ಹೊಳೆಯೇ ರಸ್ತೆ, ದೋಣಿಯೇ ಗಾಡಿ. ಬಂಟ್ವಾಳದ ಪೇಟೆಯನ್ನು ಸಾಕಿದವಳು ಈ ಹೊಳೆ. ಮುನಿದಳೆಂದರೆ ಮಾತ್ರ ಮನೆಯೊಳಗೇ ಬರುವವಳು: 1923ರ ನೆರೆ, 1974ರ ನೆರೆ ಅಲ್ಲಿನ ಹಿರಿಯರ ಮಾತಿನಲ್ಲಿ ಉಳಿದುಬಿಟ್ಟಿವೆ.

ಮಂಗಳೂರಿನ ಹಳೇ ಬಂದರಿಗೆ ದೊಡ್ಡ ಉಗಿಹಡಗು ಬರುವಂತಿರಲಿಲ್ಲ. ಅಳಿವೆಯಲ್ಲಿ ಮರಳು, ಆಳ ಸಾಲದು. ಸ್ಟೀಮರು ದೂರ ಕಡಲಿನಲ್ಲೇ ಲಂಗರು ಹಾಕುತ್ತಿತ್ತು. ಮೂಟೆಗಳೂ ಸೈ, ಬೊಂಬಾಯಿಗೆ ಹೊರಟ ಸಂಸಾರಗಳೂ ಸೈ, ಸಣ್ಣ ದೋಣಿಯಲ್ಲಿ ತೂಗಾಡುತ್ತಾ ಹೋಗಿ ಹಡಗು ಹತ್ತಬೇಕು. ಕಂಕುಳಲ್ಲಿ ಮಗು, ಕೈಯಲ್ಲಿ ಗಂಟು ಇದ್ದ ತಾಯಿಯ ಪಾಡು ಯೋಚಿಸಿ! ಮಳೆಗಾಲದಲ್ಲಂತೂ ಅದೂ ಇಲ್ಲ. ದೂರದಲ್ಲಿದ್ದ ಮಗ ಊರಿಗೆ ಬರಬೇಕಾದರೆ ಕಡಲು ತಣ್ಣಗಾಗಬೇಕು.

ಅದೇ ಕಾಲದಲ್ಲಿ, 1899ರಲ್ಲಿ, ಇಟಲಿಯ ಆಂಟೋನಿಯೊ ಮೊಸ್ಕೇನಿ ಎಂಬ ಚಿತ್ರಕಾರ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಕುಂಚ ಹಿಡಿದ. ಎರಡು ವರ್ಷದಲ್ಲಿ ಗೋಡೆ, ಚಾವಣಿ ಎಲ್ಲ ಚಿತ್ರವಾಯಿತು. ಕತ್ತು ನೋಯುವವರೆಗೆ ನೋಡಿ. ಮುನ್ನೂರು ವರ್ಷ ಹಿಂದಿನ ಸಂತನೊಬ್ಬನ ಬದುಕನ್ನು ಆತ ಕಣ್ಣೆದುರು ತಂದಿಟ್ಟಿದ್ದಾನೆ.

ಹೊರಗೆ ಬಂದು, ಬಂದರಿನ ಕಡೆ ಇಳಿಯುತ್ತಾ, ನೀವೇ ಒಂದು ಚಿತ್ರ ಮನಸ್ಸಿನಲ್ಲಿ ಬರೆಯಿರಿ. ಯಾರಾದರೂ ಮೊದಲು ಹೊಗೆ ಉಗುಳುವ ಹಡಗನ್ನೇ ಬರೆದಾರು. ನಾನಾದರೆ ಅದನ್ನು ಮೂಲೆಗೆ ತಳ್ಳಿ, ನಡುವೆ ಕಾಫಿ ಕಾರ್ಖಾನೆಯ ಹೆಂಗಸರನ್ನು ಕೂರಿಸುತ್ತೇನೆ. ಘಾಟಿ ಇಳಿದ ಕಾಫಿಯ ಸಿಪ್ಪೆ ತೆಗೆದ ಮೇಲೆ ಕರಿಕಾಳು, ಒಡಕುಕಾಳು ಆರಿಸಿ ಬೇರೆ ಮಾಡಿದವರು ಅವರು. ನಾವು ಅಕ್ಕಿ ಆರಿಸುತ್ತೇವಲ್ಲ, ಹಾಗೇ. ಆದರೆ ದಿನವಿಡೀ, ಕೂಲಿಗೆ. ಆ ಕೈಗಳನ್ನು ದಾಟದೆ ವಿಲಾಯಿತಿಯ ಬಟ್ಟಲಿಗೆ ನಮ್ಮ ಒಳ್ಳೇ ಕಾಫಿ ಹೋಗುತ್ತಿರಲಿಲ್ಲ. ಅವರ ಹೆಸರು ಯಾವ ಮೂಟೆಯ ಮೇಲೂ ಬೀಳಲಿಲ್ಲ.

1907ರಲ್ಲಿ ರೈಲು ಬಂತು, 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು. ಹಳೇ ಬಂದರಿನಲ್ಲಿ ಈಗ ಮೀನುದೋಣಿಗಳ ಗದ್ದಲ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಹಡಗುಗಳೂ ಸಿಗುತ್ತವೆ.

ಹೋಗುವುದಾದರೆ ಡಿಸೆಂಬರಿನಲ್ಲಿ ಹೊರಡಿ. ಮಳೆಗಾಲದಲ್ಲಿ ಚಾರ್ಮಾಡಿಯ ಗುಡ್ಡ ಕುಸಿದು ದಾರಿ ಕಟ್ಟುವುದುಂಟು.